ದನಿ ಚಂದ ಇರಬೇಕಂತೇನಿಲ್ಲ

ನಮ್ಮ ಅಕ್ಕ-ತಂಗ್ಯಾರೊಳಗ ಭಾಳ ಮಂದಿ "ನನ್ನ ದನಿ ಚಂದಿಲ್ಲವಾ, ನಾ ಒಲ್ಲೆ" ಅಂತ ಹಾಡೂದನ್ನ ಬಿಟ್ಟಬಿಟ್ಟಾರ. ಅಂಥವರಿಗೆ ಇವತ್ತ ಅಮೆರಿಕಾದ ಒಂದು ಸಂಗೀತದ ಮಾತು ಹೇಳಬೇಕು. ಅದಕ್ಕ ಆಲ್ಟರ್ನೇಟಿವ್ ಕಂಟ್ರಿ ಅಂತಾರ. ಮಗ ಮೊಬೈಲಿನ್ಯಾಗ ಹಚ್ಚಿಕೊಟ್ಟ ಮ್ಯಾಲ ರೊಟ್ಟಿ ಬಡಕೋತ ಕೇಳೂದು ನನಗ ರೂಢಿ ಆಗೇದ.

ಕಂಟ್ರಿ ಅಂದ್ರ ಅಲ್ಲಿ ದಕ್ಷಿಣ ಭಾಗದ ಹಳ್ಳಿ ಮಂದಿ ಹಾಡು. 1927ರಾಗ ಬ್ರಿಸ್ಟಲ್ ಅನ್ನೋ ಊರಾಗ ಕಾರ್ಟರ್ ಮನೆತನದ ಮೂವರ ಹಾಡು ಮೊದಲ ಸಲ ರೆಕಾರ್ಡ್ ಆದವು: ಎ.ಪಿ., ಅವರ ಹೆಂಡತಿ ಸಾರಾ, ಸಾರಾನ ನೆಗೆಣ್ಣಿ ಮೇಬೆಲ್. ಮೇಬೆಲ್‌ಗ ಆಗ 18 ವರ್ಷ, ತುಂಬಿದ ಬಸುರಿ. ಹಂಗ ಕೂತು ಗಿಟಾರ್ ಬಾರಿಸಿದಾಕಿ ಆಕಿ. ಸಾರಾನ ದನಿಯೊಳಗ ನಯ-ನಾಜೂಕು ಏನಿಲ್ಲ, ಇದ್ದದ್ದು ಇದ್ದಂಗ.

ಮುಂದ ನ್ಯಾಶ್‌ವಿಲ್‌ನ ದೊಡ್ಡ ಸ್ಟುಡಿಯೋದವರು ಪಿಟೀಲಿನ ಮೇಳ, ಕೋರಸ್ ಎಲ್ಲಾ ಸೇರಿಸಿ ಈ ಸಂಗೀತಕ್ಕ ಪಾಲಿಶ್ ಹಚ್ಚಿದ್ರು. ಮಾರಾಟ ಜೋರಾತು, ಮಣ್ಣಿನ ವಾಸನಿ ಕಡಿಮಿ ಆತು.

1987ರಾಗ ಇಲಿನಾಯ್ ರಾಜ್ಯದ ಬೆಲ್‌ವಿಲ್ ಊರಿನ ಹುಡುಗರು 'ಅಂಕಲ್ ಟುಪೆಲೋ' ಅಂತ ಒಂದು ತಂಡ ಕಟ್ಟಿದ್ರು. ಪಂಕ್ ರಾಕ್ ಬಡದು ಗದ್ದಲ ಎಬ್ಬಿಸೋ ಹುಡುಗರು. ಆದ್ರ 1990ರ ತಮ್ಮ ಮೊದಲ ಆಲ್ಬಮ್‌ನ್ಯಾಗ ಕಾರ್ಟರ್ ಮನೆತನದವರು 1936ರಾಗ ಹಾಡಿದ್ದ ಬಡತನದ ಕಾಲದ ಹಾಡೊಂದನ್ನ ಹಾಡಿದ್ರು. ಆಲ್ಬಮ್‌ಗೂ ಅದರದ ಹೆಸರು, 'ನೋ ಡಿಪ್ರೆಶನ್'. 1995ರಾಗ ಇದೇ ಹೆಸರಿಲೆ ಒಂದು ಪತ್ರಿಕೆನೂ ಶುರು ಆತು.

"ಹುಡುಗರು ಹಳೇ ಹಾಡು ಕೆಡಿಸ್ಯಾರ" ಅನ್ನೋರಿಗೆ ನಾ ಒಪ್ಪಂಗಿಲ್ಲ. ಕಾರ್ಖಾನಿ ದುಡಿಮಿ, ಕುಡಿತ, ಸಣ್ಣ ಊರಿನ ಬ್ಯಾಸರ, ತಮ್ಮ ಕಷ್ಟ ತಮ್ಮ ದನಿಯೊಳಗ ಹಾಡ್ಯಾರ. ಕಾರ್ಟರ್ ಮನೆತನದವರು ಮಾಡಿದ್ದೂ ಅದನ್ನ ಅಲ್ಲೇನು? ಹಾಡನ್ನ ಉಪ್ಪಿನಕಾಯಿ ಜಾಡಿಯೊಳಗ ಮುಚ್ಚಿಟ್ಟರ ಉಳಿಯೂದಿಲ್ಲ. ಬಾಯಿಗೆ ಬಂದರ ಉಳೀತದ.

ನನಗ ಎಲ್ಲಾರಕಿಂತ ಲುಸಿಂಡಾ ವಿಲಿಯಮ್ಸ್ ಸೇರತಾಳ. ಒಡಕು ದನಿ, ಎಳದೆಳದು ಹಾಡೋ ರೀತಿ. ಹಿಂದಿನ ಆಲ್ಬಮ್ ಆಗಿ ಆರು ವರ್ಷದ ಮ್ಯಾಲ, 1998ರಾಗ, ಆಕಿ 'ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್' ತಂದಳು. ಆಗ ಆಕಿಗೆ 45 ವರ್ಷ. ಗ್ರ್ಯಾಮಿ ಪ್ರಶಸ್ತಿ ಮನಿಗೆ ಬಂತು. ಆಕಿ ಹಾಡು ಕೇಳಿದ್ರ, ಬದುಕಿ ಬಂದ ಹೆಣ್ಣಮಗಳು ಎದುರಿಗೆ ಕೂತು ಮಾತಾಡಿಧಂಗ ಅನಸ್ತದ. ಸಪೂರ ದನಿಯವರಿಗೆ ಅದು ಸಾಧ್ಯ ಇಲ್ಲ ಅಂತಲ್ಲ, ಆದ್ರ ದನಿ ಒಂದ ಇದ್ದರ ಸಾಲೂದಿಲ್ಲ.

ಅದಕ್ಕ ಹೇಳತೇನಿ, ಮನ್ಯಾಗ ಹುಡುಗರು ಹಳೇ ಪದ ತಮ್ಮ ರೀತಿಲೆ ಹಾಡಿದ್ರ ಬೈಬ್ಯಾಡ್ರಿ. ನೀವೂ ಗಂಟಲು ಮುಚ್ಚಿ ಕೂಡಬ್ಯಾಡ್ರಿ. ನಿಮಗ ಬರೋ ಪದ ಮುಂದಿನವರ ಕಿವಿಗೆ ಬೀಳಬೇಕಂದ್ರ ನೀವ ಹಾಡಬೇಕವಾ!