ಕೇಬಲ್ ಮನೆಗೂ ಆಟ ಬರಲಿ

ಜೂನ್, ಜುಲೈ ಎಂದರೆ ನಮ್ಮ ಕಾರವಾರದ ಬೈತಖೋಲದಲ್ಲಿ ಯಾಂತ್ರಿಕ ದೋಣಿಗಳು ದಡ ಸೇರುವ ಕಾಲ. 2024ರ ಟಿ20 ವಿಶ್ವಕಪ್ ಫೈನಲ್ ಜೂನ್ 29ರಂದು, ಆ ರಜೆಯಲ್ಲೇ ಬಂತು. ಡಿಡಿ ಫ್ರೀ ಡಿಶ್ ಹಾಕಿಸಿದವರು ಪುಕ್ಕಟೆ ನೋಡಿದರು. ತಪ್ಪದೆ ಬಿಲ್ಲು ಕಟ್ಟುವ ಅಂಕೋಲೆಯ ನನ್ನ ಅಕ್ಕನ ಮನೆಯಲ್ಲಿ ಮಾತ್ರ ಕ್ರೀಡಾ ಚಾನೆಲ್ ಪ್ಯಾಕಿನಿಂದ ಹೊರಬಿದ್ದಿತ್ತು; ದೂರದರ್ಶನ ಹಾಕಿದರೆ ಬೇರೇನೋ ಬರುತ್ತಿತ್ತು.

ಇದು ಬಿಲ್ಲಿಗೆ ಬರುವ ಕೇಬಲ್ ಹುಡುಗನ ತಪ್ಪಲ್ಲ. ರಾಷ್ಟ್ರೀಯ ಮಹತ್ವದ ಪಂದ್ಯಗಳು ಆದಷ್ಟು ಹೆಚ್ಚು ಜನರಿಗೆ ಉಚಿತವಾಗಿ ತಲುಪಲೆಂದೇ 2007ರ ಕಾಯ್ದೆ ಅವುಗಳ ಸಿಗ್ನಲನ್ನು ಪ್ರಸಾರ ಭಾರತಿಗೆ ಹಂಚಲು ಹೇಳುತ್ತದೆ. ಆದರೆ ಆ ಸಿಗ್ನಲ್ ದೂರದರ್ಶನದ ಸ್ವಂತ ಭೂಪ್ರಸಾರಕ್ಕೂ ಡಿಟಿಎಚ್‌ಗೂ ಮಾತ್ರ, ಖಾಸಗಿ ಕೇಬಲ್‌ಗೆ ಅಲ್ಲ ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ದುಡ್ಡು ಸುರಿದು ಹಕ್ಕು ಕೊಂಡವರ ವಾದ ನನಗೆ ಅರ್ಥವಾಗುತ್ತದೆ. ಆದರೆ ದೇಶದ ತಂಡ ಆಡುವ ಪಂದ್ಯ ಬರೀ ಸರಕಲ್ಲ.

ಮೊಬೈಲಿನಲ್ಲಿ ನೋಡಿ ಎಂಬ ಉತ್ತರ ಘಟ್ಟದ ಬುಡದ ಹಳ್ಳಿಗಳಿಗೆ, ಅದೂ ಮಳೆಗಾಲದಲ್ಲಿ, ಒದಗುವುದಿಲ್ಲ. ಕೇಬಲ್‌ಗೂ ದಾರಿ ತೆರೆಯುವ ತಿದ್ದುಪಡಿಯ ಕರಡನ್ನು ಕೇಂದ್ರದ ಪ್ರಸಾರ ಸಚಿವಾಲಯ 2018ರಲ್ಲೇ ಮುಂದಿಟ್ಟು ಅಭಿಪ್ರಾಯ ಕೇಳಿತ್ತು. ನಮ್ಮ ಸಂಸದರು ಅದನ್ನು ಲೋಕಸಭೆಯಲ್ಲಿ ಮತ್ತೆ ಎತ್ತಬೇಕು.