ಕಾಡಿಗೆ ಹೊರಡುವವರು

ಕುವೆಂಪುನಗರದಂಥ ಬಡಾವಣೆಗಳ ಮದುವೆಮನೆಗಳಲ್ಲಿ ಇಂದಿಗೂ ಒಂದು ಪುಟ್ಟ ನಾಟಕ ನಡೆಯುವುದುಂಟು. ವರಮಹಾಶಯನು ಕೊಡೆ ಹಿಡಿದು, ಕೋಲೂರಿ, ಕಾಶಿಗೆ ಹೊರಟೆನೆಂದು ನಾಲ್ಕು ಹೆಜ್ಜೆ ಇಡುತ್ತಾನೆ. ಹೆಣ್ಣಿನ ತಂದೆ ಅಡ್ಡಗಟ್ಟಿ, ಮಗಳನ್ನು ಕೊಡುವೆನೆಂದು ಹೇಳಿ ಒಳಗೆ ಕರೆತರುತ್ತಾನೆ. ನೆರೆದವರಿಗೆಲ್ಲ ನಗು. ಛಾಯಾಚಿತ್ರಗಾರನ ಅಪ್ಪಣೆಯಾದರೆ ವರನು ಇನ್ನೊಮ್ಮೆಯೂ ಹೊರಡುತ್ತಾನೆ!

ಈ ವಿನೋದದ ಹಿಂದಿನ ಪ್ರಶ್ನೆ ಮಾತ್ರ ವಿನೋದದ್ದಲ್ಲ. ವಿದ್ಯಾಭ್ಯಾಸ ಮುಗಿಸಿದ ತರುಣನು ಮನೆ ಕಟ್ಟುವನೋ, ಎಲ್ಲವನ್ನೂ ತೊರೆದು ಏಕಾಂತಕ್ಕೆ ನಡೆಯುವನೋ? ಆ ಕ್ಷಣದಲ್ಲಿ ಎರಡು ದಾರಿಗಳೂ ತೆರೆದಿವೆಯೆಂದು ಶಾಸ್ತ್ರವು ಒಪ್ಪಿಕೊಂಡಿತ್ತು. ವಧುವಿನ ಕೈಗೆ ಯಾರೂ ಕೊಡೆ ಕೊಡಲಿಲ್ಲವೆಂಬುದು ಬೇರೆ ಮಾತು.

ಇಂಥ ಸಂಸ್ಕಾರಗಳನ್ನು ಕುರಿತು 1909ರಲ್ಲಿ ಫ್ರೆಂಚ್ ಭಾಷೆಯಲ್ಲಿ ಗ್ರಂಥ ರಚಿಸಿದ ವ್ಯಾನ್ ಗೆನೆಪ್ ಎಂಬ ವಿದ್ವಾಂಸನು ಅವುಗಳಲ್ಲಿ ಮೂರು ಘಟ್ಟಗಳನ್ನು ಗುರುತಿಸಿದನು: ತನ್ನವರನ್ನು ಅಗಲುವುದು, ಹೊಸ್ತಿಲಿನ ಮೇಲೆ ನಿಲ್ಲುವುದು, ಮರಳಿ ಸೇರುವುದು. ಉತ್ತರ ಅಮೆರಿಕದ ಲಕೋಟ ಜನರಲ್ಲಿ ದರ್ಶನಾಕಾಂಕ್ಷಿಯು ಗುಡ್ಡದ ಮೇಲೆ ಒಂಟಿಯಾಗಿ, ನಿರಾಹಾರನಾಗಿ, ನಾಲ್ಕು ದಿನಗಳವರೆಗೂ ಇರುವ ಪದ್ಧತಿಯಿದೆ. ಆದರೆ ಅವನನ್ನು ಸಿದ್ಧಗೊಳಿಸಿ ಕಳುಹಿಸುವವರು ಹಿರಿಯರು. ಇಳಿದು ಬಂದಾಗ ಕಂಡದ್ದನ್ನು ಕೇಳಿಸಿಕೊಳ್ಳುವವರೂ ಅವರೇ.

ನಮ್ಮಲ್ಲಿಯೂ ಹೀಗೆಯೇ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಉಡುತಡಿಯನ್ನು ತೊರೆದು ನೇರವಾಗಿ ಶ್ರೀಶೈಲದ ಕದಳಿಗೆ ಹೋದವಳಲ್ಲ. ನಡುವೆ ಕಲ್ಯಾಣವಿತ್ತು. ಅಲ್ಲಿ ಶರಣರ ಗೋಷ್ಠಿಯಲ್ಲಿ ಅಲ್ಲಮಪ್ರಭು ಆಕೆಯನ್ನು ಕಟುವಾದ ಪ್ರಶ್ನೆಗಳಿಂದ ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಬಳಿಕವೇ ಕಾಡಿನ ದಾರಿ. ಆಕೆ ಹಿಂದಿರುಗಲಿಲ್ಲ, ಹಿಂದಿರುಗುವ ಅಗತ್ಯವೂ ಆಕೆಗಿರಲಿಲ್ಲ.

ಹಿಂದಿರುಗಿದವರೊಬ್ಬರ ಹೆಸರನ್ನೇ ಈ ಬಡಾವಣೆ ಹೊತ್ತಿದೆ. ಮಲೆನಾಡಿನ ಕುಪ್ಪಳಿಯಲ್ಲಿ, ಮನೆಯ ಹಿಂದಿನ ಗುಡ್ಡದ ನೆತ್ತಿಯ ಬಂಡೆಗಳ ಮೇಲೆ ಬೈಗು ಬೆಳಗು ಮೌನವಾಗಿ ಕುಳಿತಿರುತ್ತಿದ್ದ ತರುಣ ಪುಟ್ಟಪ್ಪನವರು ಆ ಸ್ಥಳಕ್ಕೆ ಕವಿಶೈಲವೆಂದು ಹೆಸರಿಟ್ಟರು. ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ವರ್ಷಗಟ್ಟಲೆ ಇದ್ದು, 1929ರಲ್ಲಿ ಬೇಲೂರು ಮಠದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಸನ್ಯಾಸಿಯಾಗುವರೆಂದೇ ತೋರಬಹುದಾಗಿದ್ದ ಅವರು 1937ರಲ್ಲಿ ಗೃಹಸ್ಥರಾದರು. ಬಂಡೆಯ ಮೇಲಿನ ಏಕಾಂತವನ್ನು ಬಿಟ್ಟುಕೊಡದೆಯೇ ಮಕ್ಕಳ ತಂದೆಯಾದರು, ಪ್ರಾಧ್ಯಾಪಕರಾದರು, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. 1994ರಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಆ ಕವಿಶೈಲದಲ್ಲಿಯೇ.

ಇಂದು ಕೆಲಸದ ಒತ್ತಡದಿಂದ ಬೇಸತ್ತ ಮಗನೋ ಮಗಳೋ ಎರಡು ದಿನ ಒಬ್ಬರೇ ಯಾವುದಾದರೂ ಬೆಟ್ಟದ ತಪ್ಪಲಿಗೆ ಹೋಗಿಬರುವೆನೆಂದರೆ ಮನೆಯಲ್ಲಿ ಕಳವಳವೇಳುತ್ತದೆ. ಜೊತೆಗೆ ಯಾರು, ಆನೆಗಳಿವೆಯೇ, ಅರಣ್ಯ ಇಲಾಖೆಯ ಅನುಮತಿ ಇದೆಯೇ? ಕೇಳತಕ್ಕ ಪ್ರಶ್ನೆಗಳೇ ಇವು. ಭಾನುವಾರ ರಾತ್ರಿ ಅವರು ಬಾಗಿಲು ತಟ್ಟಿದಾಗ ಮಾತ್ರ, ಊಟವಾಯಿತೇ ಎಂಬುದರಾಚೆಗೆ ಯಾರೂ ಏನನ್ನೂ ಕೇಳುವುದಿಲ್ಲ. ಚೀಲವನ್ನು ಮೂಲೆಗಿಟ್ಟು ಅವರೂ ಸುಮ್ಮನೆ ಕೈಕಾಲು ತೊಳೆಯಲು ಹೋಗುತ್ತಾರೆ.