ಮುಟ್ಟದೆ ನೋಡುವ ಸ್ಕ್ಯಾನಿಂಗ್ ಗಡಿಯೂರಿಗೂ ಬರಲಿ

ಹೊಟ್ಟೆನೋವೆಂದು ಡಾಕ್ಟರರಲ್ಲಿಗೆ ಹೋದರೆ ‘ಒಂದು ಸ್ಕ್ಯಾನಿಂಗ್ ಮಾಡಿಸಿ ಬನ್ನಿ’ ಎಂಬ ಮಾತು ಈಗ ಮಾಮೂಲು. ಜೆಲ್ ಹಚ್ಚಿ, ಪ್ರೋಬ್ ಒತ್ತಿ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇಯಂಥ ವಿಕಿರಣದ ಭಯವಿಲ್ಲ. ಖರ್ಚೂ ಸಿ.ಟಿ., ಎಂ.ಆರ್.ಐ.ಗಳಿಗಿಂತ ಕಡಿಮೆ. ಆದರೆ ಸುಟ್ಟಗಾಯವಾದವರ ಮೈಮೇಲೆ, ದಿನ ತುಂಬದೆ ಹುಟ್ಟಿದ ಎಳೆಗೂಸಿನ ಮೇಲೆ ಪ್ರೋಬ್ ಒತ್ತುವುದು ಕಷ್ಟ. ಒತ್ತುವ ಕೈಯ ಬಲ ಹೆಚ್ಚುಕಮ್ಮಿಯಾದರೆ ಚಿತ್ರವೂ ಬದಲಾಗುತ್ತದೆ.

ಇದಕ್ಕೊಂದು ದಾರಿಯನ್ನು ಅಮೆರಿಕದ ಎಂಐಟಿಯ ಬ್ರಯಾನ್ ಆಂಟನಿ ಮತ್ತು ಸಂಗಡಿಗರು 2019ರ ಡಿಸೆಂಬರ್‌ನಲ್ಲಿ ತೋರಿಸಿದರು. ಅವರದು ಲೇಸರ್ ಅಲ್ಟ್ರಾಸೌಂಡ್. 1,550 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬೆಳಕನ್ನು ಚರ್ಮದಲ್ಲಿರುವ ನೀರಿನಂಶ ಹೀರಿಕೊಳ್ಳುತ್ತದೆ. ಆ ಜಾಗ ಕ್ಷಣಮಾತ್ರ ತುಸು ಬಿಸಿಯಾಗಿ ಹಿಗ್ಗಿ ಕುಗ್ಗುವಾಗ ಶಬ್ದದ ಅಲೆ ಹುಟ್ಟಿ ಒಳಗೆ ಹೋಗುತ್ತದೆ. ಕೊಬ್ಬು, ಸ್ನಾಯು, ಮೂಳೆಗಳಿಗೆ ಬಡಿದು ಮರಳಿದ ಅಲೆಯಿಂದ ಚರ್ಮ ಸೂಕ್ಷ್ಮವಾಗಿ ಅದುರುವುದನ್ನು ಎರಡನೆಯ ಲೇಸರ್ ಹಿಡಿಯುತ್ತದೆ. ಬೆಳಕಿನಿಂದ ಶಬ್ದ ಹುಟ್ಟುತ್ತದೆಂದು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ 1880ರಲ್ಲೇ ಕಂಡಿದ್ದ ವಿದ್ಯಮಾನವೇ ಇದರ ಬುನಾದಿ.

ಕೆಲವು ಸ್ವಯಂಸೇವಕರ ಮುಂಗೈಯನ್ನು ಅರ್ಧ ಮೀಟರ್ ದೂರದಿಂದಲೇ ನೋಡಿ, ಸುಮಾರು 6 ಸೆಂಟಿಮೀಟರ್ ಆಳದವರೆಗಿನ ಚಿತ್ರ ತೆಗೆದರು. ಕಣ್ಣಿಗೆ, ಚರ್ಮಕ್ಕೆ ಅಪಾಯವಿಲ್ಲದ ಲೇಸರನ್ನೇ ಬಳಸಿದ್ದರು.

ಸಂತೋಷದ ಸುದ್ದಿಯೇ. ಹಾಗೆಂದು ‘ಲೇಸರ್ ಸ್ಕ್ಯಾನಿಂಗ್’ ಎಂಬ ಬೋರ್ಡು ಕಂಡಲ್ಲಿಗೆಲ್ಲ ಓಡಬೇಕಾಗಿಲ್ಲ. ಆ ಪ್ರಯೋಗ ನಡೆದದ್ದು ಮುಂಗೈಯ ಮೇಲೆ. ಹೃದಯ, ಗರ್ಭದ ಮೇಲಲ್ಲ. ಲ್ಯಾಬಿನಲ್ಲಿ ಗೆದ್ದ ಯಂತ್ರ ರೋಗಿಯ ಹಾಸಿಗೆಯ ಪಕ್ಕಕ್ಕೆ ಬರಲು ಇನ್ನೂ ಎಷ್ಟೋ ಪರೀಕ್ಷೆಗಳನ್ನು ದಾಟಬೇಕು. ಅಲ್ಲಿಯ ತನಕ ಡಾಕ್ಟರರು ಹೇಳಿದ ಮಾಮೂಲಿ ಸ್ಕ್ಯಾನಿಂಗನ್ನು ಮುಂದೂಡುವುದು ತರವಲ್ಲ.

ಗಡಿಯೂರಿನವರಿಗೆ ಇನ್ನೊಂದು ಮಾತೂ ಮುಖ್ಯ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನಿನಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಗ ಕೊರತೆಯಾದದ್ದು ಹೊಸ ಯಂತ್ರವಲ್ಲ. ಹತ್ತಿರದಲ್ಲೊಂದು ಸುಸಜ್ಜಿತ ಆಸ್ಪತ್ರೆ.

ಅರ್ಧ ಮೀಟರ್ ದೂರದಿಂದ ನೋಡುವ ಯಂತ್ರ ಬಂದರೂ, ರೋಗಿ ಅದರ ತನಕ ಐವತ್ತು ಕಿಲೋಮೀಟರ್ ಹೋಗಬೇಕಾದರೆ ಬಡವರಿಗೆ ಪ್ರಯೋಜನವೇನು? ಚಿತ್ರ ಯಾವ ಯಂತ್ರದಿಂದ ಬಂದರೂ ಅದನ್ನು ಓದಿ ಹೇಳುವ ರೇಡಿಯಾಲಜಿಸ್ಟ್ ಬೇಕೇ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಹುದ್ದೆ ಖಾಲಿ ಬಿದ್ದಿದ್ದರೆ ಮೊದಲು ತುಂಬಲಿ. ಇರುವ ಯಂತ್ರ ದಿನವೂ ಕೆಲಸ ಮಾಡಲಿ. ಎರಡೂ ಕಡೆಯ ಸರ್ಕಾರಗಳು ಕೂತು ಮಾತಾಡಿ, ರೋಗಿಗೆ ಗಡಿ ಎಂದೂ ಅಡ್ಡ ಬಾರದಂತೆ ಖಾಯಂ ಏರ್ಪಾಡು ಮಾಡಲಿ. ಹೊಸ ವಿದ್ಯೆ ಬರುವಾಗ ಅದಕ್ಕೆ ಕಾಲೂರಲು ಜಾಗ ಸಿದ್ಧವಿರಬೇಕು.